ತಿಂಗಳು ಮೊದಲು, ಊರು ಆಮೇಲೆ

ವಿದೇಶದ ನಗರಗಳಿಗೆ ವರ್ಷದ ಯಾವ ಕಾಲದಲ್ಲಿ ಹೋಗಬೇಕು ಎಂದು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಪ್ರವಾಸ ತಜ್ಞರ ಉತ್ತರ.

ಪ್ರಶ್ನೆ: ನಾವು ಗಂಡ ಹೆಂಡತಿ ಪ್ಯಾರಿಸ್, ರೋಮ್ ನೋಡಬೇಕೆಂದಿದ್ದೇವೆ. ಮೇ ತಿಂಗಳೇ ಶ್ರೇಷ್ಠ ಎಂದು ಎಲ್ಲರೂ ಹೇಳುತ್ತಾರೆ. ನಮ್ಮದು ಅರೇಬಿಕಾ, ರೊಬಸ್ಟಾ ಎರಡೂ ಇರುವ ತೋಟ, ಮೇನಲ್ಲಿ ಬಿಟ್ಟು ಹೊರಡುವುದು ಕಷ್ಟ. ಬೇರೆ ಯಾವ ತಿಂಗಳು ಆದೀತು? – ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಆ ಎರಡೂ ಊರಿಗೆ ಮೇ ಚೆನ್ನಾದ ತಿಂಗಳು, ಸುಳ್ಳಲ್ಲ. ಆದರೆ ನೆರಳು ಮರಗಳ ಕೊಂಬೆ ಸವರುವ ಮರಗಸಿ, ಗೊಬ್ಬರ, ಮುಂಗಾರಿಗೆ ಮೊದಲಿನ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಣೆ ಎಲ್ಲವೂ ಒಟ್ಟಿಗೆ ತಲೆ ಮೇಲೆ ಬಂದು ಕೂರುವ ತಿಂಗಳೂ ಅದೇ. ಐಫೆಲ್ ಗೋಪುರದ ಕೆಳಗೆ ನಿಂತು ಮೇಸ್ತ್ರಿಗೆ ಫೋನ್ ಮಾಡಿ ಮೈಲುತುತ್ತದ ಲೆಕ್ಕ ಕೇಳುವುದಾದರೆ ಅಷ್ಟು ದೂರ ಹೋಗಿ ಬಂದದ್ದೇನು? ಹಾಗಾಗಿ ಊರಿನ ಕಡೆಯಿಂದ ಯೋಚಿಸುವುದನ್ನು ಬಿಟ್ಟು ತೋಟದ ಕಡೆಯಿಂದ ಶುರುಮಾಡಿ.

ನವೆಂಬರಿನಿಂದ ಜನವರಿವರೆಗೆ ಅರೇಬಿಕಾ ಕೊಯ್ಲು. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ, ಬೆನ್ನಿಗೇ ಮೆಣಸು. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕಾಯುವುದು, ಬಾರದಿದ್ದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಇಡುವುದು. ಜೂನ್‌ನಿಂದ ಆಗಸ್ಟ್‌ವರೆಗೆ ಕೆಲಸ ಕಮ್ಮಿ ಎನಿಸಿದರೂ ಮರ ಬೀಳುವುದು, ಕೊಳೆರೋಗ, ವಾರಗಟ್ಟಲೆ ಕರೆಂಟಿಲ್ಲದಿರುವುದು ಆಗಲೇ. ಉಳಿಯುವುದು ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮಧ್ಯದವರೆಗಿನ ಸುಮಾರು ಐದು ವಾರ. ಅರೇಬಿಕಾ ಇರುವವರು ಬಿಳಿ ಕಾಂಡಕೊರಕ ಹುಳು ಹಿಡಿದ ಗಿಡಗಳನ್ನು ಹುಡುಕಿ ಕೀಳಿಸುವ ಕೆಲಸವನ್ನು ಸೆಪ್ಟೆಂಬರ್ ಮೊದಲಲ್ಲೇ ಮುಗಿಸಿಕೊಳ್ಳಬೇಕು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಅದರ ದುಂಬಿ ಹೊರಬಂದು ಹಾರಾಡುತ್ತದೆ, ಆಮೇಲೆ ಕಿತ್ತು ಪ್ರಯೋಜನವಿಲ್ಲ.

ನಿಮ್ಮ ಅದೃಷ್ಟಕ್ಕೆ ಈ ಐದು ವಾರ ಪ್ಯಾರಿಸ್, ರೋಮ್ ಎರಡಕ್ಕೂ ಮೇ ತಿಂಗಳಿನಷ್ಟೇ ಒಳ್ಳೆಯದು. ಸೆಪ್ಟೆಂಬರಿನಲ್ಲಿ ಪ್ಯಾರಿಸ್‌ನ ಸರಾಸರಿ ಗರಿಷ್ಠ ಉಷ್ಣಾಂಶ 21 ಡಿಗ್ರಿ ಸೆಲ್ಸಿಯಸ್ ಆಸುಪಾಸು, ರೋಮ್‌ನದು 27. ಪ್ಯಾರಿಸ್‌ನಲ್ಲಿ ಸೆಪ್ಟೆಂಬರ್ 20ರ ಹೊತ್ತಿಗೂ ಸೂರ್ಯ ಮುಳುಗುವುದು ಸಂಜೆ ಎಂಟರ ಸುಮಾರಿಗೆ. ಎರಡನ್ನೂ ನೋಡುವುದಾದರೆ ಪ್ಯಾರಿಸ್ ಮೊದಲು, ರೋಮ್ ಆಮೇಲೆ ಇರಲಿ. ಉತ್ತರದ ಊರು ಬೇಗ ತಣ್ಣಗಾಗುತ್ತದೆ, ರೋಮ್‌ನ ಮಳೆ ಜೋರಾಗುವುದು ಅಕ್ಟೋಬರ್ ಕೊನೆ ಮತ್ತು ನವೆಂಬರಿನಲ್ಲಿ. ಆಗಸ್ಟ್ ಮಾತ್ರ ಬೇಡವೇ ಬೇಡ. ಪ್ಯಾರಿಸ್ಸಿನವರು ಆಗ ರಜೆ ಹಾಕಿ ಊರು ಬಿಡುತ್ತಾರೆ, ಬೀದಿಯ ಬೇಕರಿ, ಸಣ್ಣ ಹೋಟೆಲುಗಳಿಗೆ ಬೀಗ. ರೋಮ್‌ನಲ್ಲಿ ಆಗಸ್ಟ್ 15 ದೊಡ್ಡ ರಜೆ, ಮೇಲೆ ಉರಿಬಿಸಿಲು.

ಸೆಪ್ಟೆಂಬರಿನಲ್ಲೂ ಎರಡು ಕಡೆ ಕಾಲು ಎಡವಬಹುದು. ಪ್ಯಾರಿಸ್ ಫ್ಯಾಷನ್ ವೀಕ್ ನಡೆಯುವುದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ, ಆಗ ಹೋಟೆಲ್ ದರ ಏರುತ್ತದೆ. ಸೆಪ್ಟೆಂಬರಿನ ಮೂರನೇ ವಾರಾಂತ್ಯದಲ್ಲಿ ಪಾರಂಪರಿಕ ಕಟ್ಟಡಗಳ ಉತ್ಸವ ಇರುತ್ತದೆ. ಬೇರೆ ದಿನ ಒಳಗೆ ಬಿಡದ ಸರ್ಕಾರಿ ಅರಮನೆಗಳನ್ನೂ ಅಂದು ತೆರೆಯುತ್ತಾರೆ, ಆದರೆ ಕ್ಯೂ ಉದ್ದ. ವಾರದ ರಜೆಯನ್ನೂ ಗುರುತು ಹಾಕಿಕೊಳ್ಳಿ: ಲೂವ್ರ್ ಮ್ಯೂಸಿಯಂ ಮಂಗಳವಾರ ಇಲ್ಲ, ಒರ್ಸೆ ಮ್ಯೂಸಿಯಂ ಮತ್ತು ವರ್ಸೇಲ್ಸ್ ಅರಮನೆ ಸೋಮವಾರ ಇಲ್ಲ, ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯದು ಬಿಟ್ಟು ಉಳಿದ ಭಾನುವಾರ ಇಲ್ಲ.

ಮನೆಯ ಕಡೆ ನೋಡಬೇಕಾದ್ದು ಪಂಚಾಂಗ. ಗೌರಿ ಗಣೇಶ ಮುಗಿದು ನವರಾತ್ರಿ ಶುರುವಾಗುವವರೆಗಿನ ಪಕ್ಷಮಾಸ ಹೆಚ್ಚಾಗಿ ಇದೇ ಅವಧಿಯಲ್ಲಿ ಬೀಳುತ್ತದೆ. ಮನೆಯಲ್ಲಿ ಹಿರಿಯರ ತಿಥಿ ಇದ್ದರೆ ಆ ದಿನವನ್ನು ಮೊದಲು ತೆಗೆದಿಟ್ಟು, ಆಮೇಲೆ ಟಿಕೆಟ್ ನೋಡಿ.

ಇನ್ನು ವೀಸಾ. ಫ್ರಾನ್ಸ್, ಇಟಲಿ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ ಆರು ತಿಂಗಳು ಮುಂಚಿನಿಂದ 15 ದಿನ ಮುಂಚಿನವರೆಗೆ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ದಾಖಲೆ ಕೇಳಿದರೆ 45 ದಿನದವರೆಗೂ ಎಳೆಯಬಹುದು. ನಿಜವಾದ ಅಡಚಣೆ ಬೆಂಗಳೂರಿನ ಕೇಂದ್ರದಲ್ಲಿ ಬೆರಳಚ್ಚು ಕೊಡಲು ಅಪಾಯಿಂಟ್‌ಮೆಂಟ್ ಸಿಗುವುದು. ಬೇಸಿಗೆ ರಜೆಯವರ ನೂಕುನುಗ್ಗಲು ಮಾರ್ಚಿನಿಂದಲೇ ಇರುತ್ತದೆ. ಸೆಪ್ಟೆಂಬರ್ ಮಧ್ಯಕ್ಕೆ ಹೊರಡುವವರು ಜೂನಿನಲ್ಲೇ ದಿನ ಹಿಡಿದರೆ ನಿರಾಳ. ಯಾವ ದೇಶದಲ್ಲಿ ಹೆಚ್ಚು ರಾತ್ರಿ ತಂಗುತ್ತೀರೋ ಆ ದೇಶಕ್ಕೆ ಅರ್ಜಿ, ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು, ವಾಪಸ್ ಹೊರಟ ಮೇಲೂ ಮೂರು ತಿಂಗಳ ಅವಧಿ ಉಳಿದಿರಬೇಕು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ವೀಸಾ ಕೈಗೆ ಬರುವ ತನಕ ಹಣ ವಾಪಸ್ ಬಾರದ ಟಿಕೆಟ್, ಹೋಟೆಲ್ ಕೊಳ್ಳಬೇಡಿ.

ಪ್ರಶ್ನೆ: ಇಬ್ಬರೂ ಶಿಕ್ಷಕರು, ಇಬ್ಬರು ಮಕ್ಕಳು. ಬೇಸಿಗೆ ರಜೆ, ದಸರಾ ರಜೆ ಬಿಟ್ಟರೆ ನಮಗೆ ಬಿಡುವಿಲ್ಲ. ಸಿಂಗಪುರ, ಬ್ಯಾಂಕಾಕ್, ದುಬೈ ಮೂರರಲ್ಲಿ ಯಾವುದು? – ಹಾಸನ

ಉತ್ತರ: ಬೇಸಿಗೆ ರಜೆಗಾದರೆ ಸಿಂಗಪುರ. ಅದು ಒಳ್ಳೆಯ ಕಾಲ ಎಂದಲ್ಲ. ಅಲ್ಲಿ ಕೆಟ್ಟ ಕಾಲ ಎನ್ನುವುದೇ ಹೆಚ್ಚಿಲ್ಲ. ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ವರ್ಷವಿಡೀ ಹಗಲು 31–32 ಡಿಗ್ರಿ, ರಾತ್ರಿ 25, ಸೂರ್ಯ ಮುಳುಗುವುದು ಸುಮಾರು ಏಳಕ್ಕೆ. ಮಳೆ ಹೆಚ್ಚು ನವೆಂಬರ್‌ನಿಂದ ಜನವರಿಗೆ. ಏಪ್ರಿಲ್, ಮೇನಲ್ಲಿ ಕಾಟ ಕೊಡುವುದು ಮಧ್ಯಾಹ್ನದ ಗುಡುಗು ಸಿಡಿಲು. ಸಿಡಿಲಿನ ಎಚ್ಚರಿಕೆ ಬಂದ ಕೂಡಲೇ ಬಯಲಿನ ಆಟದ ಸವಾರಿಗಳನ್ನು ನಿಲ್ಲಿಸಿಬಿಡುತ್ತಾರೆ, ಟಿಕೆಟ್ ಹಣ ಕೊಟ್ಟ ಮಕ್ಕಳು ಚಾವಣಿಯ ಕೆಳಗೆ ಕೂರಬೇಕು. ಆದ್ದರಿಂದ ಮೃಗಾಲಯ, ಯೂನಿವರ್ಸಲ್ ಥೀಮ್ ಪಾರ್ಕ್‌ನಂಥ ಬಯಲು ಜಾಗಗಳಿಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ, ಎರಡರ ಮೇಲೆ ಮ್ಯೂಸಿಯಂ, ಗಾಜಿನ ಗುಮ್ಮಟದ ತೋಟಗಳನ್ನು ಇಟ್ಟುಕೊಳ್ಳಿ. ಅಲ್ಲಿನ ಶಾಲೆಗಳಿಗೆ ರಜೆ ಜೂನ್‌ನಲ್ಲಿ. ಮೇ 20ರೊಳಗೆ, ವಾರದ ನಡುವೆ ಹೋದರೆ ಜನ ಕಮ್ಮಿ. ಮೇ 1ರಿಂದ 5ರವರೆಗೆ ಮಾತ್ರ ಬಿಡಿ, ಚೀನಾದಲ್ಲಿ ರಜೆ. ವೀಸಾ ಬೇಕು, ಪ್ರಯಾಣಕ್ಕೆ ಮುಂಚಿನ 30 ದಿನದೊಳಗೆ ಅರ್ಜಿ ಹಾಕುವುದು ಪದ್ಧತಿ. ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಆಗಮನ ಕಾರ್ಡನ್ನು ಆನ್‌ಲೈನಿನಲ್ಲಿ ತುಂಬಬೇಕು. ಅದು ಉಚಿತ, ಹಣ ಕೇಳುವ ವೆಬ್‌ಸೈಟ್ ಸಿಕ್ಕಿದರೆ ಮುಚ್ಚಿಬಿಡಿ.

ಬ್ಯಾಂಕಾಕ್‌ನಲ್ಲಿ ವರ್ಷದ ಅತಿ ಬಿಸಿ ತಿಂಗಳು ಏಪ್ರಿಲ್, ಸರಾಸರಿ ಗರಿಷ್ಠವೇ 35 ದಾಟುತ್ತದೆ. 13ರಿಂದ 15ರವರೆಗೆ ಸೊಂಗ್‌ಕ್ರಾನ್ ಹಬ್ಬ, ಬೀದಿಯಲ್ಲಿ ಕಂಡವರ ಮೇಲೆಲ್ಲ ನೀರೆರಚುತ್ತಾರೆ. ಮಕ್ಕಳಿಗೆ ಅದೇ ಬೇಕೆನಿಸಿದರೆ ಫೋನ್, ಪಾಸ್‌ಪೋರ್ಟ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಡಿ. ಆದರೆ ಕಚೇರಿಗಳು, ಅನೇಕ ಸಣ್ಣ ಅಂಗಡಿಗಳು ಆಗ ಮುಚ್ಚಿರುತ್ತವೆ.

ದುಬೈ ದಸರಾಕ್ಕೆ ಇರಲಿ, ಅದೂ ರಜೆ ಅಕ್ಟೋಬರ್ ಮಧ್ಯದ ನಂತರ ಬಂದ ವರ್ಷ. ಅಕ್ಟೋಬರ್ ಮೊದಲಲ್ಲಿ ಅಲ್ಲಿ ಇನ್ನೂ 36–37 ಡಿಗ್ರಿ, ಮಧ್ಯಾಹ್ನ ಹೊರಗೆ ನಡೆಯಲಾಗದು. ಬಯಲಿನಲ್ಲಿ ನಡೆಯುವ ಗ್ಲೋಬಲ್ ವಿಲೇಜ್ ಮೇಳ ತೆರೆಯುವುದು ಅಕ್ಟೋಬರ್ ಮಧ್ಯದಿಂದ. ಜೂನ್, ಜುಲೈನಲ್ಲಿ ಅಗ್ಗದ ಪ್ಯಾಕೇಜ್ ಜಾಹೀರಾತು ಕಂಡರೆ ಕಾರಣ ಇಷ್ಟೇ: ಹೊರಗೆ 40 ದಾಟಿದ ಸೆಕೆ, ಬಯಲಿನ ಹಲವು ಜಾಗಗಳು ಬಂದ್.

ಇನ್ನೊಂದು ಊರನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಕೈಯಲ್ಲಿ ಸ್ವಲ್ಪ ಹೆಚ್ಚು ಹಣವಿದ್ದರೆ ಏಪ್ರಿಲ್ ಮಧ್ಯದ ಟೋಕಿಯೋ ಈ ಮೂರನ್ನೂ ಮೀರಿಸುತ್ತದೆ. ಚೆರ್ರಿ ಹೂವು ಮಾರ್ಚ್ ಕೊನೆ, ಏಪ್ರಿಲ್ ಮೊದಲಿಗೇ ಮುಗಿದಿರುತ್ತದೆ, ಹಾಗಾಗಿ ಹೂವಿನ ಜನಜಂಗುಳಿಯೂ ಕರಗಿರುತ್ತದೆ. ಹಗಲು 19–20 ಡಿಗ್ರಿ. ಏಪ್ರಿಲ್ 28ರೊಳಗೆ ಅಲ್ಲಿಂದ ಹೊರಟುಬಿಡಿ; 29ರಿಂದ ಮೇ 5ರವರೆಗಿನ ಸಾಲುರಜೆಯಲ್ಲಿ ರೈಲು, ಹೋಟೆಲ್ ಎರಡೂ ಸಿಗುವುದಿಲ್ಲ.

ಪ್ರಶ್ನೆ: ಕ್ರಿಸ್‌ಮಸ್ ಹೊತ್ತಿಗೆ ಲಂಡನ್ ನೋಡುವ ಆಸೆ. ಮುಳ್ಳಯ್ಯನಗಿರಿಯ ಚಳಿ ತಡೆದವರು ಅಲ್ಲಿನ ಚಳಿ ತಡೆಯಬಹುದೇ? – ಚಿಕ್ಕಮಗಳೂರು

ಉತ್ತರ: ತಡೆಯಬಹುದು. ಡಿಸೆಂಬರಿನಲ್ಲಿ ಲಂಡನ್ ಹಗಲು 8–9 ಡಿಗ್ರಿ, ರಾತ್ರಿ 3–4. ಹಿಮ ಬೀಳುವುದು ಅಪರೂಪ. ಮೈಗಂಟುವ ಥರ್ಮಲ್, ಮೇಲೊಂದು ಸ್ವೆಟರ್, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್ ಸಾಕು. ಒಂದೇ ದಪ್ಪ ಕೋಟು ತಂದವರು ಹೀಟರ್ ಹಾಕಿದ ಅಂಗಡಿ, ರೈಲಿನೊಳಗೆ ಬೆವರಿ, ಹೊರಬಂದು ನಡುಗುತ್ತಾರೆ. ಕಾಲಿಗೆ ಚಪ್ಪಲಿ ಬೇಡ, ನೀರು ಇಳಿಯದ ಬೂಟು ಬೇಕು.

ನಿಮ್ಮನ್ನು ಸೋಲಿಸುವುದು ಚಳಿಯಲ್ಲ, ಕತ್ತಲೆ. ಬೆಳಿಗ್ಗೆ ಎಂಟಕ್ಕೆ ಬೆಳಕು, ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗಿರುತ್ತದೆ. ಒಟ್ಟು ಹಗಲು ಎಂಟು ಗಂಟೆಯೂ ಇಲ್ಲ; ಜೂನ್‌ನಲ್ಲಿ ಅದೇ ಊರಿನಲ್ಲಿ ಹದಿನಾರೂವರೆ ಗಂಟೆ. ಐದು ದಿನದ ಪ್ರವಾಸದಲ್ಲಿ ಅರ್ಧ ಹಗಲು ಕೈತಪ್ಪಿತು ಎಂದೇ ಲೆಕ್ಕ ಹಾಕಿ, ನದಿ, ಸೇತುವೆ, ಪಾರ್ಕುಗಳನ್ನು ಹತ್ತರಿಂದ ಮೂರರೊಳಗೆ ಮುಗಿಸಿ.

ಕ್ರಿಸ್‌ಮಸ್ ದಿನವೇ ಹೋಗುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಡಿಸೆಂಬರ್ 25ರಂದು ಲಂಡನ್‌ನ ಮೆಟ್ರೋ, ಬಸ್ಸು, ರೈಲು ಯಾವುದೂ ಓಡುವುದಿಲ್ಲ. 24ರಿಂದ 26ರವರೆಗೆ ಬ್ರಿಟಿಷ್ ಮ್ಯೂಸಿಯಂ ಸೇರಿ ದೊಡ್ಡ ಸಂಗ್ರಹಾಲಯಗಳು ಮುಚ್ಚಿರುತ್ತವೆ. ಬೀದಿಯ ದೀಪಾಲಂಕಾರ ನವೆಂಬರಿನಿಂದಲೇ ಇರುವುದರಿಂದ ಡಿಸೆಂಬರ್ ಮೊದಲ ಹತ್ತು ದಿನದಲ್ಲಿ ಹೋದರೆ ಬೆಳಕಿನ ಅಂದವೂ ಸಿಗುತ್ತದೆ, ಬಾಗಿಲುಗಳೂ ತೆರೆದಿರುತ್ತವೆ, ವರ್ಷಾಂತ್ಯದ ಟಿಕೆಟ್ ದರವೂ ತಪ್ಪುತ್ತದೆ. ಬ್ರಿಟನ್ ವೀಸಾಕ್ಕೆ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ.

ಪ್ರಶ್ನೆ: ಇಂಟರ್‌ನೆಟ್ಟಿನಲ್ಲಿ ಊರಿನ ಹವಾಮಾನ ನೋಡಿದರೆ ಒಂದೊಂದು ಕಡೆ ಒಂದೊಂದು ರೀತಿ. ಏನನ್ನು ನಂಬಬೇಕು? – ಬೇಲೂರು

ಉತ್ತರ: ಎರಡು ತಿಂಗಳ ಮುಂಚೆ ಹೇಳುವ ದಿನವಾರು ಮುನ್ಸೂಚನೆಯನ್ನು ನಂಬಲೇಬೇಡಿ. ಆ ದೇಶದ ಹವಾಮಾನ ಇಲಾಖೆ ಕೊಡುವ ತಿಂಗಳ ಸರಾಸರಿ ನೋಡಿ. ಅದರಲ್ಲೂ ಮಳೆಯ ಮಿಲಿಮೀಟರ್‌ಗಿಂತ ಮಳೆ ಬೀಳುವ ದಿನಗಳ ಸಂಖ್ಯೆ ಮುಖ್ಯ. ಲಂಡನ್‌ನಲ್ಲಿ ಇಡೀ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಮಲೆನಾಡಿನ ಒಂದು ಜೋರು ಜುಲೈನಷ್ಟು. ಆದರೂ ಅಲ್ಲಿ ಕೊಡೆ ಬೇಕು, ಏಕೆಂದರೆ ಆ ಚೂರು ಮಳೆಯೇ ದಿನಕ್ಕಿಷ್ಟು ಎಂದು ಹಂಚಿಕೊಂಡು ಬೀಳುತ್ತದೆ. ಸಿಂಗಪುರದ್ದು ತಿರುಗುಮುರುಗು, ಒಂದು ಗಂಟೆ ಸುರಿದು ಬಿಸಿಲು. ಸರಾಸರಿ ಗರಿಷ್ಠ 31 ಎಂದರೆ ಕೆಲವು ದಿನ 35 ಆಗುತ್ತದೆ ಎಂದೇ ಅರ್ಥ. ಕೊನೆಗೆ ಸೂರ್ಯಾಸ್ತದ ಹೊತ್ತು ನೋಡಿ, ಅದನ್ನು ಹೆಚ್ಚಿನವರು ಮರೆಯುತ್ತಾರೆ.

ಪ್ರಶ್ನೆ: ನಮಗೆ ಬಿಡುವು ಜುಲೈ, ಆಗಸ್ಟ್ ಮಾತ್ರ. ಆಗ ಯಾವ ಊರು? ವಿಮಾನ ಮಂಗಳೂರಿಂದಲೋ ಬೆಂಗಳೂರಿಂದಲೋ? – ಸಕಲೇಶಪುರ

ಉತ್ತರ: ಕೊಲಂಬೋ, ಕಠ್ಮಂಡು ಬೇಡ. ನಿಮ್ಮ ಮನೆ ಮೇಲೆ ಸುರಿಯುವ ಮುಂಗಾರೇ ಅಲ್ಲೂ ಸುರಿಯುತ್ತಿರುತ್ತದೆ. ಟೋಕಿಯೋದಲ್ಲಿ ಜುಲೈ ಮಧ್ಯದವರೆಗೆ ಅವರ ಮಳೆಗಾಲ, ಆಮೇಲೆ ಬೆವರಿಳಿಸುವ ಸೆಕೆ. ದಕ್ಷಿಣಾರ್ಧ ಗೋಳದಲ್ಲಿ ಆಗ ಚಳಿಗಾಲ: ಸಿಡ್ನಿಯಲ್ಲಿ ಹಗಲು 17 ಡಿಗ್ರಿ, ರಾತ್ರಿ 8–9, ಊರು ಸುತ್ತಲು ಹಿತ. ಜೋಹಾನ್ಸ್‌ಬರ್ಗ್‌ನಲ್ಲಿ ಮಳೆಯೇ ಇಲ್ಲ, ಆದರೆ ಎತ್ತರದ ಊರಾದ್ದರಿಂದ ರಾತ್ರಿ ಕೊರೆಯುತ್ತದೆ. ಅದೇ ದೇಶದ ಕೇಪ್‌ಟೌನ್‌ಗೆ ಮಾತ್ರ ಆಗಲೇ ಮಳೆಗಾಲ, ಗೊಂದಲ ಮಾಡಿಕೊಳ್ಳಬೇಡಿ. ಜಕಾರ್ತಾಕ್ಕೆ ಅದು ಒಣಗಾಲ. ಯೂರೋಪ್ ಬೇಕೆಂದರೆ ಉತ್ತರದ ಸ್ಟಾಕ್‌ಹೋಮ್, ಕೋಪನ್‌ಹೇಗನ್ ನೋಡಿ.

ಜುಲೈ, ಆಗಸ್ಟ್‌ನಲ್ಲಿ ವಿಮಾನ ಬೆಂಗಳೂರಿನಿಂದಲೇ ಹಿಡಿಯಿರಿ. ಮಂಗಳೂರು ಹತ್ತಿರವೇ, ಆದರೆ ಶಿರಾಡಿಯಲ್ಲಿ ದೋಣಿಗಾಲ್ ಹತ್ತಿರ ಗುಡ್ಡ ಜರಿದರೆ ದಾರಿ ಬಂದ್. ಚಾರ್ಮಾಡಿಯೂ ಮಳೆಗಾಲದಲ್ಲಿ ನೆಚ್ಚಿಕೊಳ್ಳುವ ಘಾಟಿಯಲ್ಲ. ಮಂಗಳೂರಿನಿಂದಲೇ ಹೋಗಬೇಕಾದರೆ ಹಿಂದಿನ ದಿನ ಬೆಳಿಗ್ಗೆಯೇ ಇಳಿದು ಅಲ್ಲಿ ತಂಗಿ. ಬೆಂಗಳೂರಿಗೆ ಹೋಗುವಾಗ ನೆಲಮಂಗಲದಿಂದ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದರೆ ನಗರದ ಟ್ರಾಫಿಕ್ ತಪ್ಪುತ್ತದೆ. ವಿಮಾನಕ್ಕೆ ಮೂರು ಗಂಟೆ ಮೊದಲು ತಲುಪುವಂತೆ, ದಾರಿಗೆ ಆರು ಗಂಟೆ ಇಟ್ಟುಕೊಂಡು ಹೊರಡಿ.

ಪ್ರಶ್ನೆ: ಫೆಬ್ರವರಿಯಲ್ಲಿ ದುಬೈ ಚೆನ್ನ ಎನ್ನುತ್ತಾರೆ. ರಂಜಾನ್ ಬಂದರೆ ತೊಂದರೆಯೇ? – ಕಡೂರು

ಉತ್ತರ: ಹವೆ ಚೆನ್ನವೇ, ಹಗಲು 25 ಡಿಗ್ರಿ ಸುಮಾರು. ರಂಜಾನ್ ಪ್ರತಿ ವರ್ಷ 10–11 ದಿನ ಹಿಂದಕ್ಕೆ ಸರಿಯುತ್ತದೆ. 2027ರಲ್ಲಿ ಫೆಬ್ರವರಿ 8ರ ಸುಮಾರಿಗೆ, 2028ರಲ್ಲಿ ಜನವರಿ ಕೊನೆಗೆ ಶುರು. ಚಂದ್ರದರ್ಶನದ ಮೇಲೆ ಒಂದು ದಿನ ಆಚೀಚೆ. ಮಾಲುಗಳ ಹೋಟೆಲುಗಳಲ್ಲಿ ಹಗಲೂ ಊಟ ಸಿಗುತ್ತದೆ, ಆದರೆ ಬೀದಿಯಲ್ಲಿ ತಿನ್ನುವುದು ಕುಡಿಯುವುದು ಬೇಡ. ಕಚೇರಿ, ಕೆಲವು ಪ್ರವಾಸಿ ಜಾಗಗಳ ವೇಳೆ ಬದಲಾಗುತ್ತದೆ, ಊರಿಗೆ ಕಳೆ ಬರುವುದು ಸೂರ್ಯ ಮುಳುಗಿದ ಮೇಲೆ. ಚಿಕ್ಕ ಮಕ್ಕಳು, ಹೊತ್ತಿಗೆ ಸರಿಯಾಗಿ ತಿನ್ನಬೇಕಾದ ಸಕ್ಕರೆ ಕಾಯಿಲೆಯವರು ಜೊತೆಗಿದ್ದರೆ 2027ಕ್ಕೆ ಜನವರಿ ಎರಡನೇ ವಾರದಿಂದ ಫೆಬ್ರವರಿ 5ರೊಳಗೆ ಹೋಗಿಬನ್ನಿ.