ಹೆದ್ದಾರಿ ಕಾಮಗಾರಿಗೆ ಸರ್ಕಾರಿ ಇಂಜಿನಿಯರ್ ಅಗ್ಗವೋ, ಖಾಸಗಿ ಸಲಹಾ ಸಂಸ್ಥೆಯವರೋ?

ವರ್ಷವಿಡೀ ಕೆಲಸ ಇರುವ ಕಡೆ ಸಾಮಾನ್ಯವಾಗಿ ಸರ್ಕಾರಿ ಇಂಜಿನಿಯರೇ ಅಗ್ಗ. ಕೆಲಸ ಬಂದುಹೋಗುವಂಥದ್ದಾದರೆ ಖಾಸಗಿಯವರು ಅಗ್ಗವಾಗಬಹುದು. ಆದರೆ ಒಬ್ಬರ ಸಂಬಳದ ಚೀಟಿಯನ್ನು ಇನ್ನೊಬ್ಬರ ಬಿಲ್ಲಿನ ಪಕ್ಕದಲ್ಲಿಟ್ಟು ಇದನ್ನು ತೀರ್ಮಾನಿಸಲಾಗದು.

ಸಲಹಾ ಸಂಸ್ಥೆ ಒಬ್ಬ ಇಂಜಿನಿಯರಿಗೆ ತಿಂಗಳಿಗೆ ಇಷ್ಟೆಂದು ಹಾಕುವ ದರದಲ್ಲಿ ಅವರ ಸಂಬಳದ ಜೊತೆಗೆ ಕಚೇರಿ ಬಾಡಿಗೆ, ವಿಮೆ, ಟೆಂಡರಿನ ಖರ್ಚು, ಲಾಭ ಎಲ್ಲವೂ ಸೇರಿರುತ್ತವೆ. ಸರ್ಕಾರಿ ಇಂಜಿನಿಯರಿಗೂ ಕಚೇರಿ, ವಾಹನ, ಪಿಂಚಣಿಯ ವೆಚ್ಚವಿದೆ. ಅದು ಬಜೆಟ್ಟಿನ ಬೇರೆ ಬೇರೆ ಶೀರ್ಷಿಕೆಗಳಡಿ ಹಂಚಿಹೋಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಕೇಂದ್ರ ಸರ್ಕಾರವು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಲ್ಲಿರುವ ತನ್ನ ನೌಕರರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 14ರಷ್ಟನ್ನು 2019ರಿಂದ ಪ್ರತ್ಯೇಕವಾಗಿ ಕಟ್ಟುತ್ತಿದೆ.

ಇವೆಲ್ಲವನ್ನೂ ಕೂಡಿಸಿದ ಮೇಲೂ ಲೆಕ್ಕವನ್ನು ತಿರುಗಿಸುವುದು ಕೆಲಸವಿಲ್ಲದ ತಿಂಗಳುಗಳು. ಉದಾಹರಣೆಗೆ, ತಿಂಗಳಿಗೆ ಒಟ್ಟು 1.5 ಲಕ್ಷ ರೂಪಾಯಿ ತಗಲುವ ಸರ್ಕಾರಿ ಇಂಜಿನಿಯರಿಗೆ ವರ್ಷದಲ್ಲಿ 6 ತಿಂಗಳು ಮಾತ್ರ ಕಾಮಗಾರಿ ಸಿಕ್ಕರೆ, ಕೆಲಸದ ಪ್ರತಿ ತಿಂಗಳಿಗೆ ಬೀಳುವ ನಿಜವಾದ ವೆಚ್ಚ 3 ಲಕ್ಷ. ಸಲಹಾ ಸಂಸ್ಥೆಗಾದರೆ ಗುತ್ತಿಗೆ ಮುಗಿದ ದಿನವೇ ಪಾವತಿ ನಿಲ್ಲುತ್ತದೆ.

ಹೋಲಿಕೆಗಳಲ್ಲಿ ಹೆಚ್ಚಾಗಿ ಮರೆತುಹೋಗುವ ಇನ್ನೊಂದು ಬಾಬತ್ತಿದೆ: ಹೊರಗಿನವರ ನಕ್ಷೆ, ಅಳತೆ, ಬಿಲ್ಲುಗಳನ್ನು ಪರಿಶೀಲಿಸಲು ಇಲಾಖೆಯಲ್ಲಿ ಬಲ್ಲ ಇಂಜಿನಿಯರ್ ಇರಲೇಬೇಕು, ಅವರ ಸಂಬಳವನ್ನೂ ಖಾಸಗಿ ಬದಿಯ ಲೆಕ್ಕಕ್ಕೇ ಸೇರಿಸಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸರ್ಕಾರಿಯೋ ಖಾಸಗಿಯೋ ಎಂಬ ಈ ವಾದ ಮತಪೆಟ್ಟಿಗೆಯವರೆಗೂ ಹೋಗಿ, 2000ದಲ್ಲಿ ಮತದಾರರು ಖಾಸಗಿ ಇಂಜಿನಿಯರುಗಳಿಗೆ ಕೆಲಸ ವಹಿಸಲು ಒಪ್ಪಿಗೆ ಕೊಟ್ಟರು.