ಹೆರಿಗೆ ರಜೆ ಮುಗಿಯುತ್ತಿದೆ, ಊರಿನಲ್ಲೇ ಸಿಕ್ಕ ಕಡಿಮೆ ಸಂಬಳದ ಕೆಲಸಕ್ಕೆ ಸೇರಲೇ?

ನೀವು ಕೊಟ್ಟಿರುವ ವಿವರ ಇಷ್ಟು: ಮನೆ ದಾವಣಗೆರೆಯಲ್ಲಿ, ಕೆಲಸ ಚಿತ್ರದುರ್ಗದಲ್ಲಿರುವ ಖಾಸಗಿ ಹಣಕಾಸು ಸಂಸ್ಥೆಯೊಂದರ ಶಾಖೆಯಲ್ಲಿ, ಸಂಬಳ 28,000 ರೂಪಾಯಿ, ಸೇವೆ ನಾಲ್ಕೂವರೆ ವರ್ಷ. ಮಗುವಿಗೆ ಐದು ತಿಂಗಳು, ರಜೆ ಮುಂದಿನ ತಿಂಗಳು ಮುಗಿಯುತ್ತದೆ. ದಾವಣಗೆರೆಯಲ್ಲಿಯೇ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸವೊಂದು 20,000 ರೂಪಾಯಿಗೆ ಸಿಗುತ್ತಿದೆ. ನಾನು ಇದೇ ಊರಿನ ಖಾಸಗಿ ಸಂಸ್ಥೆಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಆರು ತಿಂಗಳ ಕೂಸನ್ನು ಅತ್ತೆಯವರ ಕೈಗೆ ಕೊಟ್ಟು ಕೆಲಸಕ್ಕೆ ಮರಳಿದವಳೂ ಹೌದು. ನನ್ನ ಅಭಿಪ್ರಾಯದಲ್ಲಿ ನೀವು ಈಗಲೇ ರಾಜೀನಾಮೆ ಕೊಡಬಾರದು. ಅದಕ್ಕೂ ಮೊದಲು, ನಿಮ್ಮ ಪ್ರಶ್ನೆಯಲ್ಲಿ ಎಲ್ಲಿಯೂ ಕಾಣದ ಮೂರನೆಯ ದಾರಿಯೊಂದನ್ನು, ಅಂದರೆ ನಿಮ್ಮ ಸಂಸ್ಥೆಯದೇ ದಾವಣಗೆರೆ ಶಾಖೆಗೆ ವರ್ಗಾವಣೆಯನ್ನು, ಲಿಖಿತವಾಗಿ ಕೇಳಬೇಕು.

ಹೀಗೆ ಹೇಳಲು ಮುಖ್ಯ ಕಾರಣ ಸಂಬಳವಲ್ಲ. ಹೊಸ ಕೆಲಸಕ್ಕೆ ಸೇರಿದವರಿಗೆ ಸಾಮಾನ್ಯವಾಗಿ ಆರು ತಿಂಗಳ ಪ್ರೊಬೇಷನ್, ಅಂದರೆ ಪರೀಕ್ಷಾ ಅವಧಿ, ಇರುತ್ತದೆ. ಆ ಅವಧಿಯಲ್ಲಿ ರಜೆ ಹೆಚ್ಚು ಸಿಗುವುದಿಲ್ಲ, ಕೆಲಸದಿಂದ ತೆಗೆಯುವುದೂ ಸುಲಭ. ಮಗುವಿಗೆ ಮೇಲಿನ ಆಹಾರ ಶುರುವಾಗಿ, ನೆಗಡಿ, ಜ್ವರ, ಭೇದಿ ಎಂದು ತಾಯಿ ಏಕಾಏಕಿ ರಜೆ ಹಾಕಬೇಕಾಗುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ನಾಲ್ಕೂವರೆ ವರ್ಷ ದುಡಿದ ಕಡೆ ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡಾದರೂ ರಜೆ ಕೊಡುತ್ತಾರೆ, ನಿಮ್ಮ ಕೆಲಸ ಎಂಥದ್ದೆಂಬುದು ಅವರಿಗೆ ಗೊತ್ತಿರುತ್ತದೆ. ಹೊಸ ಕಡೆಯವರಿಗೆ ನೀವು ಮೂರನೆಯ ವಾರದಲ್ಲೇ ರಜೆ ಕೇಳಿದ ಹೊಸಬರು ಮಾತ್ರ.

ಇನ್ನು ಹಣದ ಮಾತು. ಕಾಯಂ ನೌಕರರಿಗೆ ಐದು ವರ್ಷ ಸತತ ಸೇವೆ ಪೂರೈಸಿದ ಮೇಲೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಂಸ್ಥೆ ಕೊಡುವ ಇಡಿಗಂಟು, ಸಿಗುತ್ತದೆ, ಹೆರಿಗೆ ರಜೆಯ 26 ವಾರಗಳೂ ಆ ಸೇವೆಯಲ್ಲಿ ಸೇರುತ್ತವೆ. ವರ್ಷಕ್ಕೆ 15 ದಿನದ ವೇತನವನ್ನು, ತಿಂಗಳಿಗೆ 26 ದಿನವೆಂದು ಹಿಡಿದು ಲೆಕ್ಕ ಹಾಕುತ್ತಾರೆ. ನಿಮ್ಮ ಮೂಲ ವೇತನ 14,000 ಎಂದುಕೊಂಡರೂ ಐದು ವರ್ಷಕ್ಕೆ 40,000 ರೂಪಾಯಿಗೆ ಸ್ವಲ್ಪ ಮೇಲೆಯೇ ಆಗುತ್ತದೆ. ಇನ್ನು ಆರು ತಿಂಗಳಿರುವಾಗ ಇದನ್ನು ಕೈಬಿಡುವುದಾದರೆ ಅದಕ್ಕೆ ತಕ್ಕ ಕಾರಣವಿರಬೇಕು. ಹೊಸ ಕೆಲಸದ ಪರವಾಗಿಯೂ ಒಂದು ಮಾತಿದೆ: ವೇತನ 21,000 ರೂಪಾಯಿಯೊಳಗಿದ್ದು, ಆ ಸಂಸ್ಥೆ ಇಎಸ್‌ಐ ಎಂಬ ನೌಕರರ ವಿಮಾ ಯೋಜನೆಯ ವ್ಯಾಪ್ತಿಗೆ ಬರುವುದಾದರೆ, ನಿಮ್ಮಿಂದ ತಿಂಗಳಿಗೆ ಕೇವಲ 150 ರೂಪಾಯಿ ಕಡಿತವಾಗಿ ಮಗುವಿನ ಚಿಕಿತ್ಸೆಯೂ ಅದರಡಿ ಬರುತ್ತದೆ. ಕಡಿಮೆ ಸಂಬಳವೆಂದು ಮೂಗು ಮುರಿಯುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಆದರೆ ಹಳೆಯ ಕೆಲಸಕ್ಕೆ ಹಾಗೆಯೇ ಮರಳಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ, ಏಕೆಂದರೆ ಎರಡು ಊರಿನ ನಡುವೆ ಸುಮಾರು 60 ಕಿಲೋಮೀಟರ್ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಖರ್ಚಿಲ್ಲ ಎಂಬುದು ನಿಜವಾದರೂ, ಬಸ್ಸಿಗಾಗಿ ಕಾಯುವುದು, ಸೀಟು ಸಿಗದೆ ನಿಲ್ಲುವುದು, ನಿಲ್ದಾಣದಿಂದ ಶಾಖೆಗೆ ಹೋಗುವುದು ಎಲ್ಲವೂ ಸೇರಿ ಕೆಲಸದ ಹೊತ್ತಿನ ಮೇಲೆ ದಿನಕ್ಕೆ ಇನ್ನೂ ಮೂರು ಗಂಟೆಗಿಂತ ಹೆಚ್ಚು ಹೊತ್ತು ಮಗು ನಿಮ್ಮಿಂದ ದೂರವಿರುತ್ತದೆ. ಮಗುವಿಗೆ 15 ತಿಂಗಳಾಗುವವರೆಗೆ ಕೆಲಸದ ನಡುವೆ ಹಾಲುಣಿಸಲು ದಿನಕ್ಕೆ ಎರಡು ಬಿಡುವುಗಳನ್ನು ಕಾನೂನು ಕೊಟ್ಟಿದೆ. ಮಗು ದಾವಣಗೆರೆಯಲ್ಲಿ, ತಾಯಿ ಚಿತ್ರದುರ್ಗದಲ್ಲಿ ಎಂದರೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. ವರ್ಗಾವಣೆ ಸಿಕ್ಕಿದರೆ ಅದೇ ಬಿಡುವು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ, ಸಂಬಳವೂ ಸೇವೆಯೂ ಹಾಗೆಯೇ ಮುಂದುವರಿಯುತ್ತವೆ.

ಆದ್ದರಿಂದ ರಜೆ ಮುಗಿಯುವ ಮೊದಲೇ ಶಾಖಾ ಮ್ಯಾನೇಜರ್‌ಗೂ ಸಿಬ್ಬಂದಿ ವಿಭಾಗಕ್ಕೂ ಇಮೇಲ್ ಕಳುಹಿಸಿ; ಫೋನಿನಲ್ಲಿ ಆದ ಮಾತಿಗೆ ಆಧಾರವಿರುವುದಿಲ್ಲ. ಮೊದಲು ವರ್ಗಾವಣೆ ಕೇಳಿ. ಅದು ತಡವಾಗುವುದಾದರೆ ಕೆಲವು ತಿಂಗಳು ವಾರದಲ್ಲಿ ಎರಡು ದಿನವಾದರೂ ಮನೆಯಿಂದ ಕೆಲಸ ಮಾಡಲು ಅನುಮತಿ ಕೇಳಿ. ಕೆಲಸದ ಸ್ವರೂಪ ಹೊಂದುವುದಾದರೆ ರಜೆಯ ನಂತರ ಪರಸ್ಪರ ಒಪ್ಪಂದದ ಮೇಲೆ ಹೀಗೆ ಮಾಡಬಹುದೆಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದಲೇ ಕಾನೂನಿನಲ್ಲಿದೆ. ಅದು ಕಡ್ಡಾಯವಲ್ಲ, ಆದರೂ ಕಾನೂನಿನಲ್ಲಿರುವುದನ್ನು ಕೇಳಲು ಸಂಕೋಚ ಬೇಡ.

ಹಗಲು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ನೀವು ಬರೆದಿಲ್ಲ. ಅತ್ತೆಯವರೋ ತಾಯಿಯವರೋ ಇದ್ದರೆ, ಅವರು ಒಪ್ಪಿಯೇ ಒಪ್ಪುತ್ತಾರೆಂದು ನೀವೂ ನಿಮ್ಮ ಯಜಮಾನರೂ ತೀರ್ಮಾನಿಸಿಬಿಡಬೇಡಿ. ಮಂಡಿನೋವಿರುವ ಹಿರಿಯರಿಗೆ ಅಂಬೆಗಾಲಿಡುವ ಮಗುವಿನ ಹಿಂದೆ ಹನ್ನೊಂದು ಗಂಟೆ ಓಡಾಡುವುದು ಸಣ್ಣ ಕೆಲಸವಲ್ಲ.

ವರ್ಗಾವಣೆಯನ್ನು ಖಚಿತವಾಗಿ ನಿರಾಕರಿಸಿದರೆ, ಮನೆಯಲ್ಲಿ ನೋಡಿಕೊಳ್ಳುವವರೂ ಇಲ್ಲದಿದ್ದರೆ, ಗ್ರಾಚ್ಯುಟಿಯ ಆಸೆ ಬಿಟ್ಟು ದಾವಣಗೆರೆಯ ಕೆಲಸಕ್ಕೆ ಸೇರಿ. ರಜೆ ಮುಗಿಸಿ ರಾಜೀನಾಮೆ ಕೊಟ್ಟವರು ರಜೆಯ ವೇತನ ಹಿಂದಿರುಗಿಸಬೇಕೆಂದು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ನೋಟಿಸ್ ಅವಧಿಯನ್ನು ಮಾತ್ರ ಪಾಲಿಸಬೇಕಾಗುತ್ತದೆ. ಪಿಎಫ್ (ಭವಿಷ್ಯ ನಿಧಿ) ಹಣವನ್ನು ತೆಗೆಯದೆ ಹೊಸ ಖಾತೆಗೆ ವರ್ಗಾಯಿಸಿಕೊಳ್ಳಿ. ಸೇರುವ ಮುನ್ನ ಪ್ರೊಬೇಷನ್ ಎಷ್ಟು ತಿಂಗಳು, ಇಎಸ್‌ಐ ಇದೆಯೇ ಎಂಬುದನ್ನು ನೇಮಕಾತಿ ಪತ್ರದಲ್ಲಿ ಓದಿ ನೋಡಿ. ಸಂದರ್ಶನದಲ್ಲಿ ಇನ್ನೊಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ಲೆಕ್ಕಪತ್ರ ವಿಭಾಗವೆಂದರೆ ಪ್ರತಿ ತಿಂಗಳ 11 ಮತ್ತು 20ನೇ ತಾರೀಖಿನ ಸುಮಾರಿಗೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡಿಬಿಡಿ, ಮಾರ್ಚ್‌ನಲ್ಲಿ ವರ್ಷಾಂತ್ಯದ ಲೆಕ್ಕ, ಆ ದಿನಗಳಲ್ಲಿ ಸಂಜೆ ಎಷ್ಟು ಗಂಟೆಯವರೆಗೆ ಇರಬೇಕಾಗುತ್ತದೆ, ನೀವು ಹೊರಟ ಮೇಲೆ ಆ ಕೆಲಸ ಮುಗಿಸುವವರು ಇನ್ನೊಬ್ಬರು ಅಲ್ಲಿದ್ದಾರೆಯೇ?