ಮನೆಯ ಗೋಡೆ ಮೇಲೆ ಕೂತಿರುವ ಈ ದೊಡ್ಡ ಪತಂಗ ಯಾವುದು?

ನೀವು ಕೇಳಿರುವುದು ಇಷ್ಟು: ರಾತ್ರಿ ಗೋಡೆ ಮೇಲೆ ಅಂಗೈ ಅಗಲದ ಪತಂಗ ಬಂದು ಕೂತಿದೆ. ಒಂದು ಫೋಟೋದಲ್ಲಿ ಕಂದು ಕಾಣುತ್ತದೆ, ಇನ್ನೊಂದರಲ್ಲಿ ಹಸಿರು. ಮೊಬೈಲಿನ ಆ್ಯಪ್ ಇದನ್ನು ಡೆತ್ಸ್ ಹೆಡ್ ಹಾಕ್ ಮಾತ್ ಅನ್ನುತ್ತಿದೆ. ರೆಕ್ಕೆ ಬೇರೆ ನಡುಗಿಸುತ್ತಿದೆ, ಸಾಯುತ್ತಿದೆಯಾ? ಮಕ್ಕಳನ್ನು ಕಚ್ಚುತ್ತದಾ?

ಸಾಯುತ್ತಿಲ್ಲ, ಕಚ್ಚುವುದೂ ಇಲ್ಲ. ಇದು ಓಲಿಯಾಂಡರ್ ಹಾಕ್ ಮಾತ್, ಕಣಗಿಲೆ ಗಿಡದ ಪತಂಗ. ಹಾಕ್ ಮಾತ್ ಅಂದರೆ ದಪ್ಪ ಮೈಯ, ವೇಗವಾಗಿ ಹಾರುವ ಪತಂಗಗಳ ಒಂದು ಗುಂಪು. ವೈಜ್ಞಾನಿಕ ಹೆಸರು ಡಾಫ್ನಿಸ್ ನೀರಿಐ. ಪತಂಗಗಳಲ್ಲಿ ಇಷ್ಟು ಚೆಂದದ್ದು ಸಿಗುವುದು ಕಡಿಮೆ, ಅದು ತಾನಾಗಿಯೇ ನಿಮ್ಮ ಗೋಡೆಗೆ ಬಂದು ಕೂತಿದೆ.

ಮೊದಲು ಬಣ್ಣದ ಗೊಂದಲ ಬಗೆಹರಿಸೋಣ. ಎರಡೂ ಫೋಟೋ ಒಂದೇ ಪತಂಗದ್ದು. ಮೊದಲನೆಯದನ್ನು ಹಳದಿ ಬಲ್ಬಿನ ಬೆಳಕಲ್ಲಿ ತೆಗೆದಿದ್ದೀರಿ, ಆ ಬೆಳಕಲ್ಲಿ ಹಸಿರೆಲ್ಲ ಕಂದಾಗಿಬಿಡುತ್ತದೆ. ಎರಡನೆಯದಕ್ಕೆ ಫ್ಲ್ಯಾಶ್ ಬಿದ್ದಿದೆ. ಪತಂಗ ಗುರುತಿಸುವಾಗ ಬಣ್ಣವನ್ನು ಜಾಸ್ತಿ ನಂಬಬಾರದು. ಬೆಳಕು ಬದಲಾದರೆ ಅದೂ ಬದಲಾಗುತ್ತದೆ, ಪತಂಗಕ್ಕೆ ವಯಸ್ಸಾಗಿ ರೆಕ್ಕೆಯ ಪುಡಿ ಉದುರಿದರೂ ಮಂಕಾಗುತ್ತದೆ. ನಂಬಬೇಕಾದದ್ದು ಗೆರೆ, ಪಟ್ಟೆ, ಚುಕ್ಕೆ ಎಲ್ಲೆಲ್ಲಿವೆ ಅನ್ನುವುದನ್ನು. ಅವು ಜಾಗ ಬದಲಿಸುವುದಿಲ್ಲ.

ಎರಡನೇ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಮುಂದಿನ ರೆಕ್ಕೆ ಮೈಗೆ ಸೇರುವ ಕಡೆ ಒಂದು ಕೆನೆಬಣ್ಣದ ಮಚ್ಚೆ ಇದೆ, ಅದರೊಳಗೆ ಒಂದು ಕಡು ಚುಕ್ಕೆ. ಸಣ್ಣ ಕಣ್ಣಿನ ಹಾಗೆ ಕಾಣುತ್ತದೆ, ಅಲ್ವಾ? ಅಲ್ಲಿಂದ ಸ್ವಲ್ಪ ಹೊರಗೆ ರೆಕ್ಕೆಗೆ ಅಡ್ಡಲಾಗಿ ತಿಳಿ ಗುಲಾಬಿ ಬೆರೆತ ಬಿಳಿ ಪಟ್ಟೆ. ಇನ್ನೂ ಹೊರಗೆ ಹೋದರೆ ಹಸಿರಿನ ನಡುವೆ ನೇರಳೆ ಛಾಯೆ. ಹಸಿರಿನಲ್ಲೇ ಎರಡು ಮೂರು ಬಗೆ, ಒಂದು ಹಸಿರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಹೇಳುವುದೇ ಕಷ್ಟ. ಎಲೆಗಳ ನಡುವೆ ಕೂತರೆ ಕಣ್ಣಿಗೆ ಬೀಳದ ಹಾಗಿದೆ ಈ ವಿನ್ಯಾಸ. ಬಿಳಿ ಗೋಡೆ ಮೇಲೆ ಕೂತದ್ದಕ್ಕೆ ನಿಮಗೆ ಕಂಡಿತು. ರೆಕ್ಕೆಗಳನ್ನು ಜೆಟ್ ವಿಮಾನದಂತೆ ಹಿಂದಕ್ಕೆ ಬಾಗಿಸಿ ಕೂತಿರುವ ಭಂಗಿಯೂ ಹಾಕ್ ಮಾತ್‌ಗಳದ್ದೇ. ರೆಕ್ಕೆ ಬಿಚ್ಚಿದಾಗ ಈ ತುದಿಯಿಂದ ಆ ತುದಿಗೆ ಸಾಮಾನ್ಯವಾಗಿ 9ರಿಂದ 11 ಸೆಂ.ಮೀ. ಇರುತ್ತದೆ.

ಆ್ಯಪ್ ಹೇಳಿದ್ದು ಖಂಡಿತ ಅಲ್ಲ. ಡೆತ್ಸ್ ಹೆಡ್‌ಗೆ ಬೆನ್ನ ಮೇಲೆ ತಲೆಬುರುಡೆಯಂಥ ಗುರುತು ಇರುತ್ತದೆ, ಹಿಂದಿನ ರೆಕ್ಕೆ ಹಳದಿ. ಮುಟ್ಟಿದರೆ ಕಿರ್ರ್ ಅಂತ ಸದ್ದನ್ನೂ ಮಾಡುತ್ತದೆ.

ನಿಜವಾಗಿ ಮೋಸ ಹೋಗುವ ಸಾಧ್ಯತೆ ಇರುವುದು ಇದರದೇ ಹತ್ತಿರದ ನೆಂಟ ಡಾಫ್ನಿಸ್ ಹೈಪೋಥೌಸ್ ವಿಷಯದಲ್ಲಿ. ವಿನ್ಯಾಸ ಹೆಚ್ಚು ಕಡಿಮೆ ಇದೇ, ಒಟ್ಟಾರೆ ಬಣ್ಣ ಇನ್ನೂ ಗಾಢ. ಅದಕ್ಕೆ ಮುಂದಿನ ರೆಕ್ಕೆಯ ತುತ್ತತುದಿಯಲ್ಲಿ ಒಂದು ಪುಟ್ಟ ಬಿಳಿ ಚುಕ್ಕೆ ಇರುತ್ತದೆ. ನಿಮ್ಮ ಫೋಟೋದಲ್ಲಿ ಎಡಗಡೆ ರೆಕ್ಕೆಯ ತುದಿ ಮಸುಕಾಗಿದೆ, ಆದರೆ ಬಲಗಡೆಯದು ಸ್ಪಷ್ಟವಾಗಿದೆ. ಅಲ್ಲಿ ಚುಕ್ಕೆ ಇಲ್ಲ. ಹಾಗಾಗಿ ಧೈರ್ಯವಾಗಿ ಹೆಸರು ಹೇಳುತ್ತಿದ್ದೇನೆ.

ಇನ್ನು ನಡುಕ. ಇದನ್ನು ನೋಡಿ ತುಂಬಾ ಜನ ಗಾಬರಿಯಾಗುತ್ತಾರೆ. ಹಾಕ್ ಮಾತ್‌ಗಳದ್ದು ಭಾರದ ಮೈ. ಹಾರಬೇಕಾದರೆ ಎದೆಯ ಸ್ನಾಯುಗಳು 30 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಬೇಕು. ಅದಕ್ಕೇ ಕೂತಲ್ಲೇ ರೆಕ್ಕೆ ನಡುಗಿಸಿ ಮೈ ಬೆಚ್ಚಗೆ ಮಾಡಿಕೊಳ್ಳುತ್ತವೆ. ಅಂದರೆ ಅದು ಹೊರಡುವ ತಯಾರಿಯಲ್ಲಿದೆ. ಒಮ್ಮೆ ಹಾರಿತೆಂದರೆ ಅದರ ವೇಗವೇ ಬೇರೆ. ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಸುರುಳಿ ಸುತ್ತಿಟ್ಟ ಉದ್ದನೆಯ ಕೊಳವೆ ಬಿಚ್ಚಿ ಮಕರಂದ ಹೀರುತ್ತದೆ. ಬಾಯಿ ಅಂತ ಇರುವುದು ಆ ಕೊಳವೆ ಒಂದೇ, ಅದರಿಂದ ಕಚ್ಚಲು ಬರುವುದಿಲ್ಲ.

ಮನೆಗೆ ಯಾಕೆ ಬಂತು? ನಿಮ್ಮ ಫೋಟೋದ ಕೆಳಗಿನ ಮೂಲೆಯಲ್ಲಿ ಕುಂಡವೊಂದು ಅರ್ಧ ಕಾಣುತ್ತಿದೆ. ಎಲೆ ನೋಡಿದರೆ ನಂದಿಬಟ್ಟಲು ಇದ್ದ ಹಾಗಿದೆ. ಈ ಪತಂಗದ ಮರಿಹುಳು ತಿನ್ನುವುದು ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪದಂಥ ಗಿಡಗಳ ಎಲೆ. ಕಣಗಿಲೆ ಎಷ್ಟು ವಿಷದ ಗಿಡ ಅಂತ ಗೊತ್ತಲ್ಲ, ಈ ಹುಳು ಅದನ್ನೇ ಉಂಡು ಬೆಳೆಯುತ್ತದೆ. ಬೆಳೆದು ದೊಡ್ಡದಾದ ಮೇಲೆ ಗಿಡದಿಂದ ಇಳಿದು ತರಗೆಲೆಗಳ ಕೆಳಗೆ ಕೋಶ ಕಟ್ಟುತ್ತದೆ. ನಿಮ್ಮ ಪತಂಗದ ರೆಕ್ಕೆಯ ಅಂಚು ಎಲ್ಲೂ ಹರಿದಿಲ್ಲ, ಬಣ್ಣವೂ ಹೊಸತಾಗಿದೆ. ಹತ್ತಿರದಲ್ಲೇ ಎಲ್ಲೋ ಕೋಶದಿಂದ ಈಗಷ್ಟೇ ಹೊರಬಂದಿರಬೇಕು ಅನ್ನುವುದು ನನ್ನ ಊಹೆ. ಇಲ್ಲವೇ ಮೊಟ್ಟೆ ಇಡಲು ಗಿಡ ಹುಡುಕಿ ಬಂದಿರಬಹುದು.

ದೀಪಕ್ಕೆ ಬಂದಿರಬಹುದು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದೀಪದ ಸುತ್ತ ಕೀಟಗಳು ಯಾಕೆ ಗಿರಕಿ ಹೊಡೆಯುತ್ತವೆ ಅನ್ನುವ ಬಗ್ಗೆ 2024ರಲ್ಲಿ ಒಂದು ಒಳ್ಳೆಯ ಅಧ್ಯಯನ ಪ್ರಕಟವಾಯಿತು. ಹೈಸ್ಪೀಡ್ ಕ್ಯಾಮೆರಾದಲ್ಲಿ ಚಿತ್ರಿಸಿ ನೋಡಿದಾಗ, ಅವು ಬೆನ್ನನ್ನು ಬೆಳಕಿನ ಕಡೆಗೇ ಇಟ್ಟುಕೊಂಡು ಹಾರುತ್ತಿದ್ದದ್ದು ಕಂಡುಬಂತು. ರಾತ್ರಿಯಲ್ಲೂ ಆಕಾಶವೇ ಹೆಚ್ಚು ಬೆಳಕಾಗಿರುವುದರಿಂದ, ಬೆಳಕಿರುವ ಕಡೆಯೇ ಮೇಲೆ ಅನ್ನುವ ಲೆಕ್ಕ ಅವುಗಳದ್ದು. ದೀಪ ಆ ಲೆಕ್ಕ ತಪ್ಪಿಸುತ್ತದೆ. ನನಗೆ ತುಂಬಾ ಇಷ್ಟವಾದ ಸಂಗತಿ ಏನೆಂದರೆ, ಆ ಪ್ರಯೋಗದಲ್ಲಿ ಹಾಗೆ ದಾರಿ ತಪ್ಪದೆ ದೀಪದ ಮೇಲಿಂದ ನೆಟ್ಟಗೆ ಹಾರಿಹೋದ ಕೆಲವೇ ಕೀಟಗಳಲ್ಲಿ ನಿಮ್ಮ ಈ ಪತಂಗವೂ ಒಂದು. ಅದಕ್ಕೇ ನಾನು ದೀಪಕ್ಕಿಂತ ಕುಂಡದ ಕಡೆಗೇ ಬೆರಳು ತೋರಿಸುತ್ತೇನೆ.

ಬೆಳಿಗ್ಗೆ ಆ ಗಿಡದ ಬುಡ ನೋಡಿ. ಕಡು ಬಣ್ಣದ, ಗೆರೆ ಬಿದ್ದ ಗುಂಡು ಹಿಕ್ಕೆ ಬಿದ್ದಿದ್ದರೆ ಮೇಲೆ ಹುಳು ಇದೆ ಅಂತಲೇ ಅರ್ಥ. ಬೆರಳುದ್ದದ ಹಸಿರು ಹುಳು, ಬಾಲದ ಕಡೆ ಒಂದು ಗಿಡ್ಡ ಕೊಂಬು, ತಲೆಯ ಹಿಂದೆ ಎರಡು ನೀಲಿ ಕಣ್ಣು. ಅವು ನಿಜವಾದ ಕಣ್ಣಲ್ಲ, ಹಕ್ಕಿಗಳನ್ನು ಹೆದರಿಸಲು ಇರುವ ಗುರುತು. ಕೊಂಬು ಚುಚ್ಚುವುದಿಲ್ಲ. ದಯವಿಟ್ಟು ಔಷಧ ಹೊಡೆಯಬೇಡಿ. ನಾಲ್ಕು ಎಲೆ ಹೋದರೆ ಗಿಡ ಮತ್ತೆ ಚಿಗುರುತ್ತದೆ.

ಈಗ ಗೋಡೆ ಮೇಲಿರುವುದನ್ನು ಏನು ಮಾಡಬೇಕು ಅಂದರೆ, ಒಳಗಿನ ದೀಪ ಆರಿಸಿ, ಫ್ಯಾನ್ ನಿಲ್ಲಿಸಿ, ಕಿಟಕಿ ತೆರೆದಿಡಿ. ತಾನೇ ಹೋಗುತ್ತದೆ. ಹೋಗದಿದ್ದರೆ ಮುಂಗಾಲಿನ ಹತ್ತಿರ ಒಂದು ಕಾಗದ ಹಿಡಿಯಿರಿ, ಅದರ ಮೇಲೆ ಹತ್ತಿಕೊಂಡಾಗ ಹೊರಗೆ ಬಿಡಿ. ರೆಕ್ಕೆ ಹಿಡಿದು ಎತ್ತಬೇಡಿ. ಬಿಡುವ ಮುಂಚೆ ಸಾಧ್ಯವಾದರೆ ಇನ್ನೊಂದು ಫೋಟೋ ತೆಗೆಯಿರಿ. ಫ್ಲ್ಯಾಶ್ ಬೇಡ, ಪಕ್ಕದಿಂದ ಬಿಳಿ ಟಾರ್ಚ್ ಬೆಳಕು ಸಾಕು. ಎರಡೂ ರೆಕ್ಕೆಯ ತುದಿ ಚೌಕಟ್ಟಿನೊಳಗೆ ಬರಲಿ, ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ಅದನ್ನು ದಿನಾಂಕ, ಜಾಗ, ಗಿಡದ ಹೆಸರಿನ ಜೊತೆ, ಜೀವಿಗಳ ಫೋಟೋ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಹಾಕಿದರೆ ಪತಂಗ ಬಲ್ಲ ಇನ್ನಷ್ಟು ಜನ ನೋಡಿ ಹೆಸರು ಖಚಿತಪಡಿಸುತ್ತಾರೆ.